ಕುರುವನ್ನು ಕೊಯ್ಯುವುದೇಕೆ?

ಪ್ರಶ್ನೆ: ಆ್ಯಂಟಿಬಯಾಟಿಕ್ ಮಾತ್ರೆ ಇರುವಾಗಲೂ ವೈದ್ಯರು ಕುರುವನ್ನು ಕೊಯ್ದು ಕೀವು ತೆಗೆಯುವುದೇಕೆ?

ಉತ್ತರ: ಚರ್ಮದ ಬಿರುಕಿನಿಂದಲೋ ಕೂದಲಿನ ಬುಡದಿಂದಲೋ ಒಳಹೊಕ್ಕ ಬ್ಯಾಕ್ಟೀರಿಯಾಗಳನ್ನು ಎದುರಿಸಲು ಧಾವಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅವುಗಳನ್ನು ನುಂಗಿ ತಾವೂ ಸಾಯುತ್ತವೆ. ಸತ್ತ ಈ ಕಣಗಳು, ಕರಗಿದ ಅಂಗಾಂಶ ಮತ್ತು ಬ್ಯಾಕ್ಟೀರಿಯಾಗಳು ಕೂಡಿದ ಮಂದ ದ್ರವವೇ ಕೀವು. ಸೋಂಕು ಹರಡದಂತೆ ಅದರ ಸುತ್ತ ಫೈಬ್ರಿನ್ ಎಂಬ ನಾರಿನಂಥ ಪ್ರೋಟೀನಿನ ಗೋಡೆ ಏಳುತ್ತದೆ. ರಕ್ಷಣೆಗೆಂದು ಎದ್ದ ಈ ಗೋಡೆಯೇ ಚಿಕಿತ್ಸೆಗೆ ಅಡ್ಡಿಯಾಗುವುದು ಗಮನಾರ್ಹ: ಕೀವು ತುಂಬಿದ ಒಳಭಾಗದಲ್ಲಿ ರಕ್ತಸಂಚಾರವಿಲ್ಲದ ಕಾರಣ ಔಷಧ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ, ತಲುಪಿದರೂ ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಕೆಲವು ಔಷಧಗಳ ಶಕ್ತಿ ಕುಂದುತ್ತದೆ. ಆದ್ದರಿಂದ ಬಲಿತ ಕುರುವಿಗೆ ಕೀವು ಬಸಿಯುವುದೇ ಮುಖ್ಯ ಚಿಕಿತ್ಸೆ, ಮಾತ್ರೆ ಪೂರಕ ಮಾತ್ರ. ಒಳಗಿನ ಒತ್ತಡ ಇಳಿಯುವುದರಿಂದ ಪಟಪಟನೆ ಮಿಡಿಯುವ ನೋವೂ ಬೇಗ ತಗ್ಗುತ್ತದೆ.



ಮನೆಯಲ್ಲಿ ಕುರು ಹಿಸುಕುವುದು ಸಲ್ಲದು. ಮೂಗು, ಮೇಲ್ತುಟಿಯ ಅಭಿಧಮನಿಗಳಿಗೆ ಮೆದುಳಿನ ಬುಡದ ರಕ್ತನಾಳಗಳೊಂದಿಗೆ ಸಂಪರ್ಕವಿರುವುದರಿಂದ ಅಲ್ಲಿನ ಸೋಂಕು, ಅಪರೂಪಕ್ಕಾದರೂ, ಪ್ರಾಣಾಪಾಯ ತರಬಲ್ಲದು. ಪದೇಪದೇ ಕುರುವಾಗುವವರು, ಮಧುಮೇಹ ಕಾರಣವಿರಬಹುದಾದ್ದರಿಂದ, ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಚಳಿಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.