ದಾಖಲೆಗೆ ಸೇರದ ಒಂದು ಮತ

1938ರ ಏಪ್ರಿಲ್ 10ರಂದು ಆಸ್ಟ್ರಿಯಾದಲ್ಲಿ ಜನಮತಗಣನೆ ನಡೆಯಿತು. ಹಿಟ್ಲರನ ಸೇನೆ ಅದಕ್ಕೆ ಒಂದು ತಿಂಗಳ ಮುಂಚೆಯೇ ದೇಶವನ್ನು ಪ್ರವೇಶಿಸಿತ್ತು; ಆಗಿಹೋದ ವಿಲೀನಕ್ಕೆ ಜನಸಮ್ಮತಿಯ ಮುದ್ರೆಯಷ್ಟೇ ಬೇಕಿತ್ತು. ಶೇಕಡ 99ಕ್ಕೂ ಹೆಚ್ಚು ಮಂದಿ ಒಪ್ಪಿದರೆಂದು ಪ್ರಕಟಿಸಲಾಯಿತು. ಬವೇರಿಯಾದ ಗಡಿಗೆ ಹೊಂದಿಕೊಂಡ ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯಲ್ಲಿ ಒಬ್ಬ ರೈತ ಮಾತ್ರ ವಿರುದ್ಧವಾಗಿ ಮತ ಹಾಕಿದ್ದರು. ಊರಿನ ಆಡಳಿತ ಆ ಮತವನ್ನು ಲೆಕ್ಕಕ್ಕೆ ಸೇರಿಸಲೇ ಇಲ್ಲ. ಸಮ್ಮತಿ ನೂರಕ್ಕೆ ನೂರು ಎಂದು ವರದಿ ಹೋಯಿತು.

ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದ ನನಗೆ ಈ ‘ನೂರಕ್ಕೆ ನೂರು’ ಅಪರಿಚಿತವಲ್ಲ. ಅಂಕಿಗಳು ಪೂರ್ತಿ ನಿಜವಲ್ಲವೆಂದು ತಿಳಿದೂ ಗುರಿಸಾಧನೆಯ ವರದಿಗಳಿಗೆ ನಾನು ಸಹಿ ಹಾಕಿದ್ದುಂಟು. ‘ಮೇಲಿನವರ ತೀರ್ಮಾನವನ್ನು ಪ್ರಶ್ನಿಸಲು ನಾನು ಯಾರು?’ ಎಂಬ ಸಮಾಧಾನ ಆಗ ವಿನಯದಂತೆಯೇ ತೋರಿತ್ತು. ಅದು ನಿಜಕ್ಕೂ ವಿನಯವಾಗಿತ್ತೇ ಎಂಬ ಸಂದೇಹವನ್ನು ನನ್ನಲ್ಲಿ ಎಬ್ಬಿಸಿದ್ದು ಆ ರೈತನ ಬದುಕು.

ಅವರ ಹೆಸರು ಫ್ರಾನ್ಸ್ ಯೇಗರ್‌ಸ್ಟೆಟರ್. 1907ರಲ್ಲಿ ಜನಿಸಿದ ಅವರು ಯೌವನದಲ್ಲಿ ಸಂತನೇನೂ ಆಗಿರಲಿಲ್ಲ. ಮೋಟಾರ್ ಸೈಕಲ್ಲಿನ ಮೋಹ, ಹುಡುಗಾಟದ ಜಗಳಗಳು ಎಲ್ಲವೂ ಇದ್ದವು. 1936ರಲ್ಲಿ ಫ್ರಾನ್ಸಿಸ್ಕಾ ಅವರನ್ನು ವಿವಾಹವಾದ ಮೇಲೆ ಅವರ ಕ್ರೈಸ್ತ ಶ್ರದ್ಧೆ ಗಾಢವಾಯಿತು. ಮೂವರು ಹೆಣ್ಣುಮಕ್ಕಳು ಹುಟ್ಟಿದರು. ಹೊಸ ಆಡಳಿತದಲ್ಲಿ ಊರಿನ ಮೇಯರ್ ಹುದ್ದೆ ತಾನಾಗಿ ಬಂದಾಗ ನಿರಾಕರಿಸಿದರು. ಸರ್ಕಾರ ಕೊಡುತ್ತಿದ್ದ ಕುಟುಂಬ ಭತ್ಯೆಯನ್ನೂ ಸ್ವೀಕರಿಸಲಿಲ್ಲ. ಬೇಸಾಯದ ಜೊತೆಗೆ ಊರಿನ ಚರ್ಚಿನ ಪರಿಚಾರಕನ ಕೆಲಸವನ್ನು ಮಾಡಿಕೊಂಡಿದ್ದರು.

1940-41ರಲ್ಲಿ ಕೆಲಕಾಲ ಸೇನಾ ತರಬೇತಿ ಪಡೆದು ಮರಳಿದ ಬಳಿಕ, ಈ ಯುದ್ಧ ಅನ್ಯಾಯದ್ದು, ಅದರಲ್ಲಿ ಹೋರಾಡುವುದು ಪಾಪ ಎಂಬ ನಿರ್ಣಯಕ್ಕೆ ಅವರು ಬಂದರು. ಮಾರ್ಗದರ್ಶನ ಬಯಸಿ ಲಿನ್ಸ್‌ನ ಬಿಷಪರನ್ನು ಕಂಡರು. ಸಿಕ್ಕ ಉತ್ತರವೇ ಈ ಕಥೆಯ ತಿರುಳು: ರಾಜ್ಯದ ಯುದ್ಧದ ನ್ಯಾಯಾನ್ಯಾಯವನ್ನು ಅಳೆಯುವುದು ಒಬ್ಬ ಖಾಸಗಿ ಪ್ರಜೆಯ ಹೊಣೆಯಲ್ಲ, ಗೃಹಸ್ಥನ ಹೊಣೆ ಹೆಂಡತಿ ಮಕ್ಕಳದ್ದು. ಅಧಿಕಾರಕ್ಕೆ ತಲೆಬಾಗುವುದನ್ನೇ ವಿನಯವೆಂದು ಬೋಧಿಸಿದ ಮಾತು ಅದು. ಆಸ್ಟ್ರಿಯಾದ ಬಿಷಪರು ಸಾಮೂಹಿಕವಾಗಿ 1938ರಲ್ಲಿ ವಿಲೀನವನ್ನು ಬೆಂಬಲಿಸಿ ಹೇಳಿಕೆ ನೀಡಿದ್ದರೆಂಬುದನ್ನು ನೆನೆದರೆ, ಈ ಸಲಹೆ ಆಶ್ಚರ್ಯ ತರುವುದಿಲ್ಲ.

ಬಿಷಪರ ಮಾತನ್ನು ನಿಷ್ಠುರವಾಗಿ ತಳ್ಳಿಹಾಕುವುದೂ ಸುಲಭವಲ್ಲ. ಮೂವರು ಎಳೆಯ ಮಕ್ಕಳ ತಂದೆಗೆ ಬೇರೆ ಯಾರೇ ಆದರೂ ಏನು ಹೇಳುತ್ತಿದ್ದರು? ಅವನೊಬ್ಬ ನಿರಾಕರಿಸಿದ ಮಾತ್ರಕ್ಕೆ ಯುದ್ಧ ನಿಲ್ಲುತ್ತಿರಲಿಲ್ಲ. ಲಾಭ ನಷ್ಟದ ಲೆಕ್ಕವನ್ನು ಕಲಿತ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ವಾದದ ಬಲ ನನಗೆ ತಿಳಿಯುತ್ತದೆ. ಆದರೆ ತನ್ನ ನಿರಾಕರಣೆಯಿಂದ ಜಗತ್ತು ಬದಲಾಗುತ್ತದೆಂಬ ಭ್ರಮೆ ಯೇಗರ್‌ಸ್ಟೆಟರ್ ಅವರಿಗೂ ಇರಲಿಲ್ಲ. ಯುದ್ಧಕ್ಕೆ ಹೋದ ನೆರೆಹೊರೆಯವರನ್ನು ಅವರು ದೂಷಿಸಲಿಲ್ಲ, ಸಲಹೆ ಕೊಟ್ಟ ಬಿಷಪರನ್ನೂ ದೂಷಿಸಲಿಲ್ಲ. ತನಗೆ ಸುಳ್ಳೆಂದು ಕಂಡದ್ದರ ಪರ ತಾನು ಪ್ರತಿಜ್ಞೆ ಮಾಡಲಾರೆ ಎಂದಷ್ಟೇ ಹೇಳಿದರು.

1943ರ ಮಾರ್ಚ್ 1ರಂದು ಎನ್ಸ್ ಪಟ್ಟಣದ ಸೇನಾ ಕೇಂದ್ರಕ್ಕೆ ತಾವೇ ಹೋಗಿ ಆಯುಧ ಹಿಡಿಯಲಾರೆನೆಂದು ತಿಳಿಸಿದರು. ಗಾಯಾಳುಗಳ ಶುಶ್ರೂಷೆಗೆ ಸಿದ್ಧವೆಂದದ್ದು ಫಲಿಸಲಿಲ್ಲ. ಜುಲೈ 6ರಂದು ಬರ್ಲಿನ್‌ನಲ್ಲಿ ಮರಣದಂಡನೆ ವಿಧಿಸಲಾಯಿತು. ಆಗಸ್ಟ್ 9ರಂದು ಬ್ರಾಂಡೆನ್‌ಬರ್ಗ್ ಸೆರೆಮನೆಯಲ್ಲಿ ಶಿರಚ್ಛೇದವಾಯಿತು. ಆಗ ಅವರಿಗೆ 36 ವರ್ಷ.

ಯುದ್ಧ ಮುಗಿದ ಮೇಲೂ ಅವರ ಪತ್ನಿಗೆ ಕೆಲವು ವರ್ಷ ಪಿಂಚಣಿ ಸಿಗಲಿಲ್ಲ. ಊರಿನ ಹಲವರು ಗಂಡನ ಸಾವಿಗೆ ಆಕೆಯನ್ನೇ ಹೊಣೆಯಾಗಿಸಿದರು. ಅಮೆರಿಕದ ಸಮಾಜಶಾಸ್ತ್ರಜ್ಞ ಗಾರ್ಡನ್ ಝಾನ್ 1964ರಲ್ಲಿ ಬರೆದ ಪುಸ್ತಕದಿಂದ ಹೊರಜಗತ್ತಿಗೆ ಈ ಹೆಸರು ಪರಿಚಯವಾಯಿತು. 1997ರಲ್ಲಿ ಬರ್ಲಿನ್ನಿನ ನ್ಯಾಯಾಲಯ ಶಿಕ್ಷೆಯನ್ನು ರದ್ದುಗೊಳಿಸಿತು. 2007ರ ಅಕ್ಟೋಬರ್ 26ರಂದು ಚರ್ಚು, ಅದೇ ಲಿನ್ಸ್ ನಗರದಲ್ಲಿ, ಸಂತಪದವಿಯ ಹಿಂದಿನ ಮೆಟ್ಟಿಲಾದ ‘ಪುನೀತ’ ಗೌರವವನ್ನು ಅವರಿಗೆ ನೀಡಿತು. 94 ವರ್ಷದ ಫ್ರಾನ್ಸಿಸ್ಕಾ ಆ ಸಮಾರಂಭದಲ್ಲಿದ್ದರು.

ಮರುಭೂಮಿಯಲ್ಲಿ ಲೋಕದ ಸಾಮ್ರಾಜ್ಯಗಳನ್ನೇ ಮುಂದಿಟ್ಟಾಗ ಯೇಸು ಅವನ್ನು ನಿರಾಕರಿಸಿದ. ಕೊನೆಯ ಭೋಜನದ ರಾತ್ರಿ ಶಿಷ್ಯರ ಪಾದಗಳನ್ನು ತೊಳೆದ. ಮರುದಿನ ಪಿಲಾತನ ಎದುರು ನಿಂತಾಗ ಸತ್ಯವನ್ನು ಬಿಟ್ಟುಕೊಡಲಿಲ್ಲ. ಪಾದ ತೊಳೆದ ಆ ವಿನಯ, ರಾಜ್ಯಪಾಲನ ಮುಂದೆ ಅಂಜಿಕೆಯಾಗಲಿಲ್ಲ. ಈ ಎರಡನ್ನೂ ಒಟ್ಟಿಗೆ ಬಾಳುವುದೇ ಕ್ರೈಸ್ತ ಜೀವನದ ಕಠಿಣ ಪಾಠ. ಲಿನ್ಸ್‌ನ ಗುರುಪೀಠ ಮರೆತಿದ್ದ ಆ ಪಾಠ ಹಳ್ಳಿಯ ಪರಿಚಾರಕನಿಗೆ ನೆನಪಿತ್ತು.

ನಮ್ಮಲ್ಲಿ ಹೆಚ್ಚಿನವರಿಗೆ ಇಂಥ ಪರೀಕ್ಷೆ ಎದುರಾಗುವುದಿಲ್ಲ. ಬರುವುದೆಲ್ಲ ಒಂದು ಕಡತ, ಒಂದು ಸಹಿ, ಒಂದು ಮೌನ. ನಾನು ಸಹಿ ಹಾಕಿದ ವರದಿಗಳು ಈಗ ಯಾವುದೋ ದಾಖಲೆಕೋಣೆಯಲ್ಲಿ ಧೂಳು ಹಿಡಿದಿರಬೇಕು. ಅಂದು ‘ಈ ಅಂಕಿ ಸರಿಯಿಲ್ಲ’ ಎಂದು ಷರಾ ಬರೆದಿದ್ದರೆ ಹೆಚ್ಚೆಂದರೆ ವರ್ಗಾವಣೆಯಾಗುತ್ತಿತ್ತು. ಆ ಹಳ್ಳಿಯ ದಾಖಲೆಗೆ ಸೇರದ ಒಂದು ಮತದ ಮುಂದೆ ಅದು ಎಷ್ಟು ಅಲ್ಪ ಬೆಲೆಯೆಂಬುದು ನನಗೆ ಅರಿವಾದದ್ದು ನಿವೃತ್ತಿಯ ನಂತರ.