ನಾತಾಳದ ಗೋದಲಿ

ಡಿಸೆಂಬರ್ 25ನೆಯ ತಾರೀಖಿನ ಸೂಟಿ ನಮ್ಮಲ್ಲಿ ಬಹುಮಂದಿಗೆ ಸಿಗುತ್ತದೆ. ಕಚೇರಿಯ ರಜೆಯ ಪಟ್ಟಿಯಲ್ಲಿ ಅದು ಕ್ರಿಸ್‌ಮಸ್ ಎಂದಿರುತ್ತದೆ. ಪುಣೆಯ ನಮ್ಮ ಮರಾಠಿ ನೆರೆಯವರು ಅದನ್ನು ನಾತಾಳ ಎನ್ನುತ್ತಾರೆ. ಬೆಳಗಾವಿ, ವಿಜಯಪುರಗಳ ಕಡೆಯ ಹಿರಿಯರ ಬಾಯಲ್ಲಿಯೂ ಅದೇ ಮಾತು ಕೇಳಿಬರುವುದುಂಟು. ಪೋರ್ಚುಗೀಸರ 'ನತಾಲ್' ನಮ್ಮ ನಾಲಗೆಗೆ ಸಿಕ್ಕು ನಾತಾಳವಾಯಿತು. ಅದರ ಬೇರು ಲ್ಯಾಟಿನ್ ಭಾಷೆಯದು, ಅರ್ಥ ಹುಟ್ಟಿದ ದಿನ. ಕನ್ನಡ ಕ್ರೈಸ್ತರು ಕ್ರಿಸ್ತಜಯಂತಿ ಎಂದಾಗಲೂ ಹೇಳುವುದು ಇದನ್ನೇ. ಕ್ಯಾಂಪಿನ ಮಹಾತ್ಮಾ ಗಾಂಧಿ ರಸ್ತೆಗೆ ಹೋಗಿ ದೀಪಗಳನ್ನು ನೋಡಿ, ಒಂದು ತುಂಡು ಕೇಕು ತಿಂದು ಬರುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಬ್ಬದ ತಿರುಳೇನು ಎಂದು ಕೇಳಿದರೆ ಮಾತ್ರ ಉತ್ತರ ತಡವಾಗುತ್ತದೆ. ನೆರೆಯವರ ಹಬ್ಬವನ್ನು ಅರಿಯುವುದು ಒಳ್ಳೆಯ ನೆರೆತನದ ಲಕ್ಷಣವಾದ್ದರಿಂದ ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ತಾರೀಖಿನ ವಿಷಯ. ಯೇಸುಕ್ರಿಸ್ತನು ಯಾವ ತಿಂಗಳು ಯಾವ ದಿನ ಹುಟ್ಟಿದನೆಂದು ಬೈಬಲಿನಲ್ಲಿ ಎಲ್ಲಿಯೂ ಹೇಳಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯ, ಲೂಕ ಇವೆರಡರಲ್ಲಿ ಮಾತ್ರ ಹುಟ್ಟಿನ ಕಥೆ ಇದೆ. ಡಿಸೆಂಬರ್ 25ರ ಮೊದಲ ಸ್ಪಷ್ಟ ದಾಖಲೆ ಸಿಗುವುದು ಕ್ರಿ.ಶ. 354ರ ರೋಮ್ ನಗರದ ಒಂದು ಪಂಚಾಂಗದಲ್ಲಿ. ಆ ದಿನ ರೋಮಿನಲ್ಲಿ ಸೂರ್ಯದೇವನ ಉತ್ಸವವಿದ್ದುದರಿಂದ ಕ್ರೈಸ್ತರು ಅದನ್ನೇ ಆರಿಸಿಕೊಂಡರೆಂದು ಕೆಲವರು ಹೇಳುತ್ತಾರೆ. ಮಾರ್ಚ್ 25ರಂದು ಗರ್ಭಧಾರಣೆಯಾಯಿತೆಂದು ನಂಬಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆಂದು ಮತ್ತೆ ಕೆಲವರ ಮತ. ಎರಡನ್ನೂ ಒಪ್ಪುವ ಪಂಡಿತರಿದ್ದಾರೆ. ಅಂದಿನ ರೋಮನ್ ಲೆಕ್ಕದಲ್ಲಿ ಡಿಸೆಂಬರ್ 25 ಎಂದರೆ ಸೂರ್ಯನು ಉತ್ತರಕ್ಕೆ ತಿರುಗಿ ಹಗಲು ಬೆಳೆಯತೊಡಗುವ ದಿನವಾಗಿತ್ತು. ನಮ್ಮ ಮಕರ ಸಂಕ್ರಾಂತಿಯ ಸಂಗತಿಯೂ ಇಂಥದೇ ಅಲ್ಲವೇ? ಉತ್ತರಾಯಣ ನಿಜವಾಗಿ ತೊಡಗುವುದು ಡಿಸೆಂಬರ್ 21-22ರ ಸುಮಾರಿಗೆ. ನಾವು ಎಳ್ಳುಬೆಲ್ಲ ಬೀರುವುದು ಜನವರಿಯ ನಡುವೆ. ಆರ್ಮೇನಿಯದ ಸಭೆಯವರು ಇಂದಿಗೂ ಜನವರಿ 6ರಂದೇ ಈ ಹಬ್ಬ ಮಾಡುತ್ತಾರೆ. ಇಸವಿಯ ಲೆಕ್ಕವೂ ಗಟ್ಟಿಯಾದುದಲ್ಲ. ಹೆರೋದ ರಾಜನು ತೀರಿಕೊಂಡದ್ದು ಕ್ರಿಸ್ತಪೂರ್ವ 4ರಲ್ಲಿ ಎಂದು ಇತಿಹಾಸಕಾರರಲ್ಲಿ ಹೆಚ್ಚಿನವರು ಎಣಿಸುತ್ತಾರೆ. ಆ ರಾಜನ ಕಾಲದಲ್ಲಿ ಯೇಸು ಹುಟ್ಟಿದ್ದಾದರೆ, ಆತನ ಜನನ ಅದಕ್ಕಿಂತ ಸ್ವಲ್ಪ ಹಿಂದೆಯೇ ಆಗಿರಬೇಕು.

ತಾರೀಖಿನ ಚರ್ಚೆ ಇಷ್ಟು ಸಾಕು. ಕಥೆಯ ಒಳಗೆ ಹೋಗೋಣ.

ಲೂಕನು ಹೇಳುವಂತೆ, ರೋಮಿನ ಚಕ್ರವರ್ತಿ ಔಗುಸ್ತನು ಜನಗಣತಿಯ ಅಪ್ಪಣೆ ಮಾಡಿದನು. ನಮ್ಮ ಅಜ್ಜಂದಿರ ಮಾತಿನಲ್ಲಿ ಹೇಳುವುದಾದರೆ ಖಾನೇಷುಮಾರಿ. ಪ್ರತಿಯೊಬ್ಬನೂ ತನ್ನ ಮೂಲ ಊರಿಗೆ ಹೋಗಿ ಹೆಸರು ಬರೆಯಿಸಬೇಕಾಗಿತ್ತು. ಯೋಸೇಫನು ಇದ್ದದ್ದು ನಜರೇತಿನಲ್ಲಿ, ಮನೆತನದ ಊರು ಬೇತ್ಲೆಹೇಮು. ನಡುವಿನ ದಾರಿ 100 ಕಿಲೋಮೀಟರಿಗೂ ಹೆಚ್ಚು. ತುಂಬಿದ ಬಸುರಿಯಾದ ಮರಿಯಳನ್ನು ಕರೆದುಕೊಂಡು ಅವನು ಹೊರಟನು. (ಈ ಗಣತಿಯ ಕಾಲ ರೋಮನ್ ದಾಖಲೆಗಳೊಂದಿಗೆ ಸರಿಯಾಗಿ ಕೂಡುವುದಿಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ, ಕಥೆಯ ಅರ್ಥಕ್ಕೆ ಅದರಿಂದ ಬಾಧೆಯಿಲ್ಲ.) ಯೋಸೇಫನು ಬಡಗಿಯೆಂದು ನಾವು ಕೇಳಿದ್ದೇವೆ. ಗ್ರೀಕ್ ಮೂಲದ ಶಬ್ದಕ್ಕೆ ಮರಗೆಲಸದವನೆಂಬಷ್ಟೇ ಅಲ್ಲ, ಮನೆ ಕಟ್ಟುವ ಕೆಲಸಗಾರನೆಂಬ ಅರ್ಥವೂ ಸಲ್ಲುತ್ತದೆ. ಹಿಂಜೆವಾಡಿ, ವಾಘೋಲಿಗಳ ಕಟ್ಟಡಗಳ ಮೇಲೆ ಸೆಂಟ್ರಿಂಗ್ ಕಟ್ಟುವ ಕಲಬುರಗಿ, ಯಾದಗಿರಿಯ ನಮ್ಮ ಜನರ ಪೈಕಿ ಒಬ್ಬನೆಂದು ಅವನನ್ನು ಭಾವಿಸಿದರೆ ತಪ್ಪಾಗಲಾರದು. ಬೇತ್ಲೆಹೇಮ್ ಎಂಬ ಹೀಬ್ರೂ ಹೆಸರಿಗೆ ರೊಟ್ಟಿಯ ಮನೆ ಎಂದು ಅರ್ಥ ಹೇಳುತ್ತಾರೆ. ರೊಟ್ಟಿಯ ಬೆನ್ನು ಹತ್ತಿಯೇ ಊರು ಬಿಟ್ಟು ಬಂದವರಿಗೆ ಈ ಹೆಸರು ನೆನಪಿನಲ್ಲಿ ಉಳಿಯುವಂಥದು.

ಅಲ್ಲಿ ಹೆರಿಗೆಯಾಯಿತು. ತಂಗಲು ಸ್ಥಳವಿಲ್ಲದ್ದರಿಂದ ತಾಯಿಯು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ಕನ್ನಡ ಬೈಬಲಿನಲ್ಲಿ ಇರುವುದು ಇದೇ 'ಗೋದಲಿ' ಎಂಬ ಶಬ್ದ. ದಕ್ಷಿಣದ ವಾಚಕರಿಗೆ ಇದು ಅಪರಿಚಿತವಾಗಿರಬಹುದು. ನಮ್ಮ ಬಡಗಣ ಸೀಮೆಯ ರೈತನಿಗೆ ಹಾಗಲ್ಲ. ಗ್ವಾದಲಿ ಎಂದೊಡನೆ ಅವನ ಕಣ್ಣಿಗೆ ಎತ್ತಿನ ಮುಂದೆ ಮೇವು ಹಾಕುವ ಜಾಗ ಕಟ್ಟುತ್ತದೆ, ಮೂಗಿಗೆ ಕಣಿಕೆಯ ವಾಸನೆ ಬರುತ್ತದೆ.

ಸಾಮಾನ್ಯವಾಗಿ ಈ ಕಥೆಯನ್ನು ಹೇಳುವ ಬಗೆ ಹೀಗೆ: ಛತ್ರದ ಮಾಲಿಕನು ಬಾಗಿಲು ಹಾಕಿಕೊಂಡನು, ದಂಪತಿಗಳು ಊರ ಹೊರಗಿನ ಕೊಟ್ಟಿಗೆಗೆ ಹೋದರು. ಆದರೆ ಮೂಲದಲ್ಲಿ ಛತ್ರದ ಮಾಲಿಕನೇ ಇಲ್ಲ! 'ಛತ್ರ' ಎಂದು ಅನುವಾದವಾದ ಗ್ರೀಕ್ ಶಬ್ದವನ್ನು ಲೂಕನು ಮುಂದೆ ಇನ್ನೊಂದು ಕಡೆ, ಯೇಸು ಶಿಷ್ಯರೊಡನೆ ಕೊನೆಯ ಊಟ ಮಾಡಿದ ಮನೆಯ ಕೋಣೆಗೂ ಬಳಸಿದ್ದಾನೆ. ಆದುದರಿಂದ ಅದು ಮನೆಯಲ್ಲಿ ಅತಿಥಿಗಳಿಗೆ ಬಿಟ್ಟ ಕೋಣೆಯೆಂದು ಈಗಿನ ಹಲವು ಪಂಡಿತರ ಅಭಿಪ್ರಾಯ. ಆ ನಾಡಿನ ಬಡವರ ಮನೆಯಲ್ಲಿ ದನಕರುಗಳನ್ನು ರಾತ್ರಿ ಮನೆಯೊಳಗೇ ಕೆಳಗಿನ ನೆಲದಲ್ಲಿ ಕಟ್ಟುತ್ತಿದ್ದರು, ಮನೆಯವರು ಅದಕ್ಕಿಂತ ಎತ್ತರದ ಕಟ್ಟೆಯ ಮೇಲೆ ಮಲಗುತ್ತಿದ್ದರು, ಗೋದಲಿ ಎರಡರ ನಡುವೆ ಇರುತ್ತಿತ್ತು. ಧಾರವಾಡ, ವಿಜಯಪುರ ಸೀಮೆಯ ಹಳೆಯ ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ತಗ್ಗು, ಮೆಟ್ಟಲೇರಿದರೆ ಪಡಸಾಲೆ.

ಹೀಗೆ ಓದಿದಾಗ ಕಥೆಯ ಬಣ್ಣವೇ ಬದಲಾಗುತ್ತದೆ. ಗಣತಿಗೆ ಬಂದ ನೆಂಟರಿಂದ ಮನೆ ತುಂಬಿಹೋಗಿದೆ, ಅತಿಥಿಗಳ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ಯಾರೋ ಸರಿದು ಕುಳಿತು, ದನಗಳ ಮಗ್ಗುಲಲ್ಲಿ ಒಬ್ಬ ಬಾಣಂತಿಗೆ ಇಂಬು ಮಾಡಿಕೊಟ್ಟಿದ್ದಾರೆ. ಆರು ಜನರಿರುವ ಖೋಲಿಗೆ ಊರಿನಿಂದ ಏಳನೆಯವನು ಟ್ರಂಕು ಹೊತ್ತು ಬಂದಾಗ, ಹಾಸಿಗೆಗಳನ್ನು ಒತ್ತಿ ಅವನಿಗೊಂದು ಮೂಲೆ ಮಾಡಿಕೊಡುವವರು ನಮ್ಮಲ್ಲಿಲ್ಲವೇ? ಊರು ಯಾವುದು, ಭಾಷೆ ಯಾವುದು, ಜಾತಿ ಯಾವುದು ಎಂದು ಕೇಳಿ, ಖೋಲಿ ಖಾಲಿಯಿದ್ದರೂ ಇಲ್ಲವೆನ್ನುವ ಮಾಲಿಕರನ್ನೂ ನಾವು ಕಂಡಿದ್ದೇವೆ. ಹಳೆಯ ವಿವರಣೆಯೇ ಸರಿ ಎನ್ನುವ ವಿದ್ವಾಂಸರೂ ಇದ್ದಾರೆ. ನಮ್ಮ ಮನಸ್ಸಿಗೆ ಮಾತ್ರ ಹೊಸದೇ ಹೆಚ್ಚು ಹಿಡಿಸುತ್ತದೆ.

ಇನ್ನು ಕ್ರೈಸ್ತರು ಈ ಹುಟ್ಟಿನಲ್ಲಿ ಕಾಣುವುದೇನು? ಅವರ ನಂಬಿಕೆಯಂತೆ ಗೋದಲಿಯಲ್ಲಿ ಮಲಗಿದ್ದ ಕೂಸು ದೇವರೇ. ಇದನ್ನು ಕನ್ನಡದಲ್ಲಿ ಮನುಷ್ಯಾವತಾರ ಎನ್ನುವುದುಂಟು. ಅವತಾರವೆಂಬ ಮಾತು ನಮಗೆ ಪರಿಚಿತ; ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಇಲ್ಲಿ ದೇವರು ಮನುಷ್ಯನಾದದ್ದು ಒಂದೇ ಸಲ, ಅದೂ ಆಯುಧ ಹಿಡಿಯದೆ, ಹಸಿವು, ದಣಿವು, ನೋವು, ಸಾವು ಎಲ್ಲವನ್ನೂ ತನ್ನ ಮೈಮೇಲೆ ತಂದುಕೊಂಡು. ಮೊದಲ ಶತಮಾನಗಳಲ್ಲಿಯೇ ಕೆಲವರಿಗೆ ಇದು ನುಂಗಲಾರದ ತುತ್ತಾಗಿತ್ತು. ದೇವರು ಮನುಷ್ಯನಂತೆ ತೋರಿದನೇ ಹೊರತು ನಿಜವಾಗಿ ಹಸಿಯಲಿಲ್ಲ, ಸಾಯಲಿಲ್ಲ ಎಂದು ಅವರು ವಾದಿಸಿದರು. ಸಭೆಯು ಅದನ್ನು ಒಪ್ಪಲಿಲ್ಲ. 451ರಲ್ಲಿ ಕಾಲ್ಸೆಡನ್ನಿನಲ್ಲಿ ಸೇರಿದ ಧರ್ಮಸಭೆಯು, ಯೇಸುವು ನಿಜವಾಗಿ ದೇವರು, ನಿಜವಾಗಿ ಮನುಷ್ಯನು ಎಂದು ತೀರ್ಮಾನಿಸಿತು. ಆತನಿಗೆ ಸಲ್ಲುವ ಇಮ್ಮಾನುವೇಲ್ ಎಂಬ ಹೆಸರಿನ ಅರ್ಥ, ನಮ್ಮ ಸಂಗಡ ಇರುವ ದೇವರು. ದೇವರು ದೂರದಲ್ಲಿ ನಿಂತು ದಯೆ ತೋರುವುದು ಬೇರೆ, ನಮ್ಮ ಖೋಲಿಯಲ್ಲಿಯೇ ಬಂದು ಚಾಪೆ ಹಾಸುವುದು ಬೇರೆ. ನಾತಾಳದ ಹುರುಳು ಈ ಎರಡನೆಯದರಲ್ಲಿದೆ.

ಸುದ್ದಿ ಮೊದಲು ಮುಟ್ಟಿದ್ದು ಯಾರಿಗೆ ಎಂಬುದನ್ನೂ ನೋಡಬೇಕು. ಅರಮನೆಗಲ್ಲ, ದೇವಾಲಯದ ಪುರೋಹಿತರಿಗಲ್ಲ. ರಾತ್ರಿ ಪಾಳಿಯಲ್ಲಿ ಹೊಲದಲ್ಲಿ ಕುರಿ ಕಾಯುತ್ತಿದ್ದ ಕುರುಬರಿಗೆ. ಮುಂದೆ ಕೂಸನ್ನು ದೇವಾಲಯಕ್ಕೆ ಒಯ್ದಾಗ ತಂದೆತಾಯಿಗಳು ಅರ್ಪಿಸಿದ್ದು ಜೋಡಿ ಹಕ್ಕಿಗಳನ್ನು. ಕುರಿಮರಿ ಕೊಡಲು ಶಕ್ತಿಯಿಲ್ಲದ ಬಡವರಿಗೆ ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಹಾಗೆ ರಿಯಾಯಿತಿ ಇತ್ತು. ಹೆರೋದನ ಭಯಕ್ಕೆ ಐಗುಪ್ತಕ್ಕೆ ಓಡಿಹೋಗಿ ಪರದೇಶದಲ್ಲಿ ದಿನ ಕಳೆದರೆಂದು ಮತ್ತಾಯನು ಹೇಳುತ್ತಾನೆ. ಚರ್ಚುಗಳು ಚಿನ್ನದ ಪಾತ್ರೆಗಳಿಂದ ತುಂಬಿದ ಕಾಲದಲ್ಲಿ, 1223ರಲ್ಲಿ, ಇಟಲಿಯ ಅಸ್ಸೀಸಿಯ ಫ್ರಾನ್ಸಿಸನೆಂಬ ಸಂತನು ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಗೋದಲಿಯ ದೃಶ್ಯ ಮಾಡಿ ತೋರಿಸಿದನು. ಇಂದು ಚರ್ಚುಗಳ ಮುಂದೆಯೂ ಮನೆಗಳಲ್ಲಿಯೂ ಹೂಡುವ ಬೊಂಬೆಗಳ ಗೋದಲಿಗೆ ಆ ರಾತ್ರಿಯಿಂದ ಪ್ರಚಾರ ಬಂತು.

ನಮ್ಮ ಪುಣೆಗೆ ಈ ಹಬ್ಬ ಬಂದ ದಾರಿಯೂ ಸ್ವಾರಸ್ಯವಾದುದು. ಪೇಶವೆಯರ ಸೈನ್ಯದಲ್ಲಿ ಗೋವೆಯ ಕಡೆಯ ಕ್ರೈಸ್ತ ಸೈನಿಕರಿದ್ದರು. ಅವರ ಪೂಜೆಗಾಗಿ ಸವಾಯಿ ಮಾಧವರಾವ್ ಪೇಶವೆಯು 1792ರಲ್ಲಿ ಸ್ಥಳ ಕೊಟ್ಟನು. ಕ್ವಾರ್ಟರ್ ಗೇಟಿನ ಸಮೀಪ ನಾನಾ ಪೇಠಿನಲ್ಲಿರುವ ಸಿಟಿ ಚರ್ಚು ಅದೇ. ಬ್ರಾಹ್ಮಣ ಪೇಶವೆಯೊಬ್ಬನು ಕೊಟ್ಟ ನೆಲದ ಮೇಲೆ ಇಂದಿಗೂ ನಾತಾಳ ನಡೆಯುತ್ತದೆ. ಕನ್ನಡಕ್ಕೆ ಈ ಕಥೆ ಬಂದದ್ದು ಬೇರೆ ಬೇರೆ ಬಾಗಿಲುಗಳಿಂದ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಪೂರ್ಣ ಬೈಬಲು 1831ರ ಹೊತ್ತಿಗೆ ಕನ್ನಡದಲ್ಲಿ ಅಚ್ಚಾಯಿತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ನಿಘಂಟಿನ ಕಿಟೆಲ್ಲರು 1862ರಲ್ಲಿಯೇ 'ಕಥಾಮಾಲೆ' ಎಂಬ ಕೃತಿಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ದೇಶೀಯ ಛಂದಸ್ಸಿಗೆ ತಂದರು. ಬೆಳಗಾವಿಯ ಕ್ಯಾಥೊಲಿಕ್ ಧರ್ಮಪ್ರಾಂತವಾದರೂ 1953ರಲ್ಲಿ ಗೋವೆ ಮತ್ತು ಪುಣೆಯ ಪ್ರಾಂತಗಳಿಂದ ಭಾಗ ತೆಗೆದೇ ರಚಿತವಾಯಿತು.

ಆದರೆ ಪುಣೆ ಮತ್ತು ಕರ್ನಾಟಕ ಎರಡನ್ನೂ ಒಂದೇ ಬಾಳಿನಲ್ಲಿ ಹೆಣೆದು, ಇಂಬು ಕೊಡುವುದೆಂದರೇನೆಂದು ತೋರಿಸಿದವರೊಬ್ಬರಿದ್ದಾರೆ. ಅವರು ಪಂಡಿತಾ ರಮಾಬಾಯಿ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಅವರು ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು, ಮನೆಮಾತು ಮರಾಠಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡ ಮಹಾನುಭಾವರು ಅವರು. ಕೂಸಿಗೆ ಆರು ತಿಂಗಳಾದಾಗ ಸಂಸಾರವೇ ಊರು ಬಿಟ್ಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಮಗುವನ್ನು ಘಟ್ಟ ಇಳಿಸಿದರು. ಮುಂದೆ ತೀರ್ಥದಿಂದ ತೀರ್ಥಕ್ಕೆ, ಪುರಾಣ ಹೇಳುತ್ತ ಅಲೆದಾಟ. ಹಾಗೆ ತಿರುಗುತ್ತಲೇ ರಮಾಬಾಯಿಯವರು ಕನ್ನಡ, ಹಿಂದೂಸ್ತಾನಿ, ಬಂಗಾಳಿಗಳನ್ನು ಕಲಿತರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣನೂ ತಂಗಿಯೂ ನಡೆಯುತ್ತ ನಡೆಯುತ್ತ 1878ರಲ್ಲಿ ಕಲಕತ್ತೆ ಸೇರಿದರು. ಅಲ್ಲಿಯ ವಿದ್ವಾಂಸರು ಆಕೆಗೆ 'ಪಂಡಿತಾ' ಎಂಬ ಬಿರುದು ಕೊಟ್ಟರು.

ಗಂಡನನ್ನು ಕಳೆದುಕೊಂಡು, ಹಸುಗೂಸು ಮನೋರಮೆಯೊಡನೆ 1882ರಲ್ಲಿ ಪುಣೆಗೆ ಬಂದರು. ಮರುವರ್ಷ ಇಂಗ್ಲೆಂಡಿಗೆ ಹೋದಾಗ, ದಾರಿತಪ್ಪಿದವರೆಂದು ಸಮಾಜ ದೂಡಿದ ಹೆಂಗಸರಿಗೆ ಕ್ರೈಸ್ತ ಸಂನ್ಯಾಸಿನಿಯರು ಲಂಡನ್ನಿನಲ್ಲಿ ಆಶ್ರಯ ಕೊಟ್ಟುದನ್ನು ನೋಡಿದರು. ಇಂಥವರ ಮೇಲೆ ನಿಮಗೇಕೆ ಈ ಅಕ್ಕರೆ ಎಂದು ಕೇಳಿದಾಗ, ಯೇಸುವು ಸಮಾರ್ಯದ ಹೆಂಗಸಿನೊಡನೆ ಬಾವಿಯ ಬಳಿ ಮಾತಾಡಿದ ಕಥೆಯನ್ನು ಅವರು ಓದಿ ತೋರಿಸಿದರು. ಅದು ತಮ್ಮ ಮನಸ್ಸನ್ನು ತಿರುಗಿಸಿತೆಂದು ರಮಾಬಾಯಿಯವರೇ ಬರೆದಿದ್ದಾರೆ. 1883ರ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೂ ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತವೇಕಾಗಬಾರದು ಎಂದು ಅವರೊಡನೆ ವಾದ ಹೂಡಿದರು!

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಪುಣೆಗೆ ತಂದರು. ಆಗಿನ ಪುಣೆಯ ಹವೆ ಹೇಗಿತ್ತೆಂಬುದಕ್ಕೆ ಒಂದು ಸಂಗತಿ ಸಾಕು: ಅದೇ 1890ರಲ್ಲಿ ಪಂಚಹೌದದ ಮಿಶನ್ನಿನಲ್ಲಿ ರಾನಡೆ, ಟಿಳಕರು ಇದ್ದ ಸಭೆಗೆ ಚಹಾ ಬಂದದ್ದೇ ಊರಿಗೆಲ್ಲ ದೊಡ್ಡ ಗದ್ದಲವಾಗಿ, ಪ್ರಾಯಶ್ಚಿತ್ತದವರೆಗೂ ಹೋಯಿತು. ಇನ್ನು ಸದನದ ಕೆಲವು ಹುಡುಗಿಯರು ಕ್ರೈಸ್ತ ಪ್ರಾರ್ಥನೆಗೆ ಕುಳಿತರೆಂದಾಗ ಕೇಳಬೇಕೇ? 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೇ ಸಲಹಾ ಮಂಡಲಿಯಿಂದ ದೂರ ಸರಿದರು. ಅವರ ಆಕ್ಷೇಪಕ್ಕೂ ಕಾರಣವಿತ್ತು. ಮತದ ಮಾತು ಬರುವುದಿಲ್ಲವೆಂದು ನಂಬಿಯೇ ಅವರು ಬೆಂಬಲ ಕೊಟ್ಟಿದ್ದರು. ಇಬ್ಬರ ನೋವೂ ನಿಜವಾದುದೆಂದೇ ನಾವು ತಿಳಿಯುತ್ತೇವೆ.

1896-97ರ ಕ್ಷಾಮದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ಹೋಗಿ, ದಾರಿಯ ಬದಿಯಲ್ಲಿ ಬಿದ್ದಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟುಪಾಡು, ಜಾಗವಿಲ್ಲ. ಆಗ ಕೇಡಗಾಂವದಲ್ಲಿ ತಾವು ಕೊಂಡಿದ್ದ ಹೊಲದಲ್ಲಿ ಗುಡಾರ, ಗುಡಿಸಲುಗಳನ್ನು ಎಬ್ಬಿಸಿ ಅವರಿಗೆ ಇಂಬು ಮಾಡಿದರು. ಅದೇ ಮುಕ್ತಿ ಸದನ. 1900ರ ಬರದ ನಂತರ ಅಲ್ಲಿಯ ಜನಸಂಖ್ಯೆ ಸಾವಿರವನ್ನು ಮೀರಿತು. ಕುರುಡಿಯರಿಗೂ ಮುದುಕಿಯರಿಗೂ ಅಲ್ಲಿ ಎಡೆಯಿತ್ತು. ಹುಡುಗಿಯರು ನೇಯುತ್ತಿದ್ದರು, ಹೈನ ನೋಡುತ್ತಿದ್ದರು, ಅಚ್ಚುಮೊಳೆ ಜೋಡಿಸುತ್ತಿದ್ದರು. ರಮಾಬಾಯಿಯವರು ಹೀಬ್ರೂ, ಗ್ರೀಕ್ ಕಲಿತು ಮರಾಠಿಗೆ ತಂದ ಬೈಬಲಿಗೆ ಅಚ್ಚಿನ ಕೆಲಸ ಮಾಡಿದ್ದು ಇದೇ ಕೈಗಳು. ಅವರು 1922ರ ಏಪ್ರಿಲ್ 5ರಂದು ಅಲ್ಲಿಯೇ ತೀರಿಕೊಂಡರು.

ಮುಕ್ತಿ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಅದರ ಒಂದು ಕೊಂಬೆ ಕನ್ನಡ ನಾಡಿನತ್ತಲೂ ಚಾಚಿತ್ತು: 1912ರ ಸುಮಾರಿಗೆ ಕಲಬುರಗಿಯಲ್ಲಿ ಒಂದು ಶಾಲೆ ತೆರೆದು, ಮಗಳು ಮನೋರಮಾಬಾಯಿಯವರು ಅದನ್ನು ನೋಡಿಕೊಂಡರು. ಪುಣೆಯಿಂದ ದೌಂಡ, ಸೋಲಾಪುರದ ಮೇಲೆ ಕಲಬುರಗಿಗೆ ಹೋಗುವ ಗಾಡಿಯಲ್ಲಿ ಕುಳಿತವರು ದೌಂಡಿಗೆ ಮುಂಚೆ ಕಿಟಕಿಯಿಂದ ನೋಡಿದರೆ ಕೇಡಗಾಂವದ ಫಲಕ ಕಾಣುತ್ತದೆ. ದೂರದ ಗಾಡಿಗಳಲ್ಲಿ ಹೆಚ್ಚಿನವು ಅಲ್ಲಿ ನಿಲ್ಲುವುದಿಲ್ಲ. ಇಳಿದು ನೋಡಬೇಕೆನ್ನುವವರು ದೌಂಡಿನ ಪ್ಯಾಸೆಂಜರ್ ಗಾಡಿಗೆ ಹೋಗುವುದು ಅನುಕೂಲ.