ಹೆಸರು ಗೊತ್ತಿದ್ದರೆ ಸಾಕೇ?

1970ರ ದಶಕ. ಅಮೆರಿಕದ ಟೈಮ್‌ಶೇರ್ ಕಂಪನಿ ಕಂಪ್ಯೂಟರಿನ ಸಮಯವನ್ನೇ ಬಾಡಿಗೆಗೆ ಕೊಡುತ್ತಿತ್ತು: ಯಂತ್ರ ಒಂದು, ಗಿರಾಕಿಗಳು ಹಲವರು. ಅಲ್ಲಿನ ಫೋರ್ಟ್ರಾನ್ ಕಂಪೈಲರ್‌ಗೆ ತನ್ನ ಬಳಕೆಯ ಅಂಕಿಅಂಶ ಬರೆದಿಡಲೆಂದು ಒಂದು ಡೈರೆಕ್ಟರಿಯಲ್ಲಿ ಅನುಮತಿ ಕೊಟ್ಟಿದ್ದರು. ಗಿರಾಕಿಗಳ ಬಿಲ್ಲಿನ ಫೈಲೂ ಅಲ್ಲೇ ಇತ್ತು. ಡೀಬಗ್ ಮಾಹಿತಿ ಬರೆಯಬೇಕಾದ ಫೈಲು ಯಾವುದೆಂದು ಹೇಳುವಾಗ ಒಬ್ಬ ಗಿರಾಕಿ ಬಿಲ್ಲಿನ ಫೈಲಿನ ಹೆಸರನ್ನೇ ಕೊಟ್ಟ. ಅದನ್ನು ಮುಟ್ಟುವ ಹಕ್ಕು ಅವನಿಗಿರಲಿಲ್ಲ, ಕಂಪೈಲರ್‌ಗಿತ್ತು. ಬರೆದೇಬಿಟ್ಟಿತು. ಬಿಲ್ಲಿನ ಲೆಕ್ಕವೆಲ್ಲ ಅಳಿಸಿಹೋಯಿತು.

1988ರಲ್ಲಿ, ಟೈಮ್‌ಶೇರ್‌ನಲ್ಲಿ ಕೆಲಸ ಮಾಡಿದ್ದ ನಾರ್ಮ್ ಹಾರ್ಡಿ ಈ ಪ್ರಸಂಗ ಬರೆದು, ಕಂಪೈಲರನ್ನು ಗಲಿಬಿಲಿಗೊಂಡ ಪ್ರತಿನಿಧಿ ಎಂದು ಕರೆದರು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವಂತಿಲ್ಲ, ಪಾಪ. ಯಾರ ಪರವಾಗಿ ಬರೆಯುತ್ತಿದ್ದೇನೆ ಎಂಬುದಷ್ಟೇ ಅದಕ್ಕೆ ತಿಳಿಯಲಿಲ್ಲ.

ಜಾವಾದಂಥ ಭಾಷೆಯ ಆಬ್ಜೆಕ್ಟುಗಳಿಗೆ ಮೆಮೊರಿಯೊಳಗೆ ಈ ಗೊಂದಲ ಕಡಿಮೆ. ರೆಫರೆನ್ಸ್ ಎಂಬ ಕೀಲಿಯನ್ನು ಯಾರಾದರೂ ಕೈಗಿತ್ತರಷ್ಟೇ ಆಬ್ಜೆಕ್ಟ್ ಸಿಗುತ್ತದೆ. ವಿಳಾಸ ಊಹಿಸಿ ನಕಲಿ ಕೀಲಿ ಮಾಡಲಾಗದು. ಆ ಗಿರಾಕಿಯೂ ಹೆಸರಿನ ಬದಲು ಕೀಲಿಯನ್ನೇ ಕೊಡಬೇಕಿದ್ದರೆ? ಬಿಲ್ಲಿನ ಫೈಲಿನ ಕೀಲಿ ಅವನಲ್ಲಿ ಇರುತ್ತಲೇ ಇರಲಿಲ್ಲ. ಇಂಥ ಕೀಲಿಗೆ ಜ್ಯಾಕ್ ಡೆನಿಸ್ ಮತ್ತು ಅರ್ಲ್ ವ್ಯಾನ್ ಹಾರ್ನ್ 1966ರಲ್ಲೇ 'ಕೇಪಬಿಲಿಟಿ' ಎಂದು ಹೆಸರಿಟ್ಟಿದ್ದರು.

ತಲೆನೋವು ಶುರುವಾಗುವುದು ಕರೆಂಟು ಹೋದಾಗ. ನಾಳೆಗೂ ಉಳಿಯಬೇಕಾದ ಆಬ್ಜೆಕ್ಟ್ ಡಿಸ್ಕಿಗೆ ಇಳಿಯಲೇಬೇಕು, ಇಳಿದ ಮೇಲೆ ಅದು ಬರೀ ಬೈಟುಗಳ ಸಾಲು. ಖಾಸಗಿ ಎಂದು ಮುಚ್ಚಿಟ್ಟ ಫೀಲ್ಡನ್ನೂ ಅಲ್ಲಿ ಓದಬಹುದು, ತಿದ್ದಲೂಬಹುದು. ಆಬ್ಜೆಕ್ಟನ್ನು ಹೀಗೆ ಬೈಟುಗಳಾಗಿಸಲೆಂದೇ 1997ರಲ್ಲಿ ಜಾವಾ 1.1 ಸೀರಿಯಲೈಸೇಶನ್ ತಂದಿತು. ಬೈಟುಗಳಿಗೆ ಮರಳಿ ಜೀವ ತುಂಬುವಾಗ ಆಬ್ಜೆಕ್ಟನ್ನು ಕಟ್ಟಬೇಕಾದ, ಅದರ ಕ್ಲಾಸಿನ ಕನ್‌ಸ್ಟ್ರಕ್ಟರ್ ಓಡುವುದಿಲ್ಲ, ಹಾಗಾಗಿ ಅದರೊಳಗೆ ಬರೆದ ತಪಾಸಣೆಗಳೂ ನಡೆಯುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಹಿತ್ತಲು ತೆರೆದಿಟ್ಟ ಹಾಗೆ. ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಎಂಬ ಲೈಬ್ರರಿಯ ಸಾಧು ಕ್ಲಾಸುಗಳನ್ನೇ ಸರಪಳಿಯಂತೆ ಪೋಣಿಸಿ, ದೂರದ ಸರ್ವರಿನಲ್ಲಿ ತಮಗೆ ಬೇಕಾದ ಆಜ್ಞೆ ಓಡಿಸಬಹುದೆಂದು 2015ರಲ್ಲಿ ಸಂಶೋಧಕರು ತೋರಿಸಿದರು. ಸೀರಿಯಲೈಸೇಶನ್ ಸೇರಿಸಿದ್ದೇ ಘೋರ ತಪ್ಪು ಎಂದು ಜಾವಾದ ಮುಖ್ಯ ವಿನ್ಯಾಸಕಾರ ಮಾರ್ಕ್ ರೈನ್‌ಹೋಲ್ಡ್ 2018ರಲ್ಲಿ ಒಪ್ಪಿಕೊಂಡರು.

ಹಾರ್ಡಿಯವರು ಟೈಮ್‌ಶೇರ್‌ನಲ್ಲೇ ಬೇರೊಂದು ದಾರಿ ಹಿಡಿದಿದ್ದರು. ಅಲ್ಲಿ ಹುಟ್ಟಿದ ಕೀಕಾಸ್ ವ್ಯವಸ್ಥೆಯಲ್ಲಿ ಪ್ರೋಗ್ರಾಮುಗಳು ತಮ್ಮ ಸ್ಥಿತಿಯನ್ನು ತಾವೇ ಉಳಿಸಿಕೊಳ್ಳುವ ಗೋಜಿಗೆ ಹೋಗಬೇಕಿರಲಿಲ್ಲ. ಕೆಲವು ನಿಮಿಷಕ್ಕೊಮ್ಮೆ ವ್ಯವಸ್ಥೆಯ ತಿರುಳಾದ ಕರ್ನಲ್ಲೇ ಇಡೀ ಯಂತ್ರದ ಪಡಿಯಚ್ಚನ್ನು, ಕೀಲಿಗಳ ಸಮೇತ, ಡಿಸ್ಕಿಗೆ ಇಳಿಸುತ್ತಿತ್ತು. ಯಾವ ಪ್ರೋಗ್ರಾಮಿಗೂ ಕೀಲಿ ಬೈಟುಗಳ ರೂಪದಲ್ಲಿ ಸಿಗುತ್ತಿರಲಿಲ್ಲ. 1990ರ ಒಂದು ಪ್ರದರ್ಶನದಲ್ಲಿ ಓಡುತ್ತಿದ್ದ ಯಂತ್ರದ ಪ್ಲಗ್ಗನ್ನೇ ಕಿತ್ತರು. ವಿದ್ಯುತ್ ಮರಳಿದ ಅರ್ಧ ನಿಮಿಷಕ್ಕೆ ಕೆಲಸ ಕೊನೆಯ ಪಡಿಯಚ್ಚಿನಿಂದ ಮುಂದುವರಿಯಿತಂತೆ. ನನ್ನ ಮಟ್ಟಿಗೆ ಇದೇ ಸರಿಯಾದ ಉತ್ತರ, ಆದರೆ ಒಂದೇ ಯಂತ್ರದ ಮಟ್ಟಿಗೆ.

ಇನ್ನೊಂದು ಯಂತ್ರದ ಜೊತೆ ಹಂಚಿಕೊಳ್ಳಬೇಕೆಂದರೆ ಕೀಲಿ ತಂತಿಯ ಮೇಲೆ ಬೈಟುಗಳಾಗಿಯೇ ಹೋಗಬೇಕು. ಆಗ ಉಳಿಯುವ ಉಪಾಯ, ಯಾರೂ ಊಹಿಸಲಾಗದಷ್ಟು ಉದ್ದದ ಸಂಖ್ಯೆ. 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂದು ನಾವು ಆನ್‌ಲೈನ್ ಕಡತ ಹಂಚುತ್ತೇವಲ್ಲ, ಆ ಲಿಂಕಿನ ತುಂಬ ಇರುವ ಅರ್ಥವಿಲ್ಲದ ಅಕ್ಷರಗಳು ಅಂಥದೇ ಸಂಖ್ಯೆ. ಅದನ್ನು ಮನೆಯವರ ವಾಟ್ಸಾಪ್ ಗುಂಪಿನಿಂದ ಯಾರಾದರೂ ಆಚೆ ಫಾರ್ವರ್ಡ್ ಮಾಡಿದರೆ, ನೀವು ಕೊಟ್ಟದ್ದೋ ಅವರು ದಾಟಿಸಿದ್ದೋ, ಸರ್ವರಿಗೆ ಎರಡೂ ಒಂದೇ.